ದಿಮೋ ಮನೆಗೊಂದು ದಿಡ್ಡಿ ಬಾಗಿಲು

ಸ್ತಾಂಕಾ ಇಟಲಿಯಿಂದ ಫೋನು ಮಾಡಿದಾಗ ನಾನು ಬಾಲ್ಕನಿಯ ಕರೆಂಟು ಒಲೆಯಲ್ಲಿ ಚಳಿಗಾಲಕ್ಕೆಂದು ಮೆಣಸಿನಕಾಯಿ ಸುಡುತ್ತಿದ್ದೆ. ಸೆಪ್ಟೆಂಬರ್ ಬಂತೆಂದರೆ ಪ್ಲೊವ್‌ದಿವ್‌ನ ನಮ್ಮ ತ್ರಾಕಿಯಾ ಬಡಾವಣೆಯಲ್ಲಿ ಯಾವ ಬಾಲ್ಕನಿ ನೋಡಿದರೂ ಅದೇ ಕೆಲಸ, ಅದೇ ಹೊಗೆ. ಫೋನಿನ ಮೇಲೆ ಅವಳ ಹೆಸರು ನೋಡಿ ಯಾರೋ ಸತ್ತಿರಬೇಕು ಅಂದುಕೊಂಡೆ. ಯಾಕೆಂದರೆ ಅವಳ ಗಂಡ ದಿಮೋ ತೀರಿಕೊಂಡು ಆರು ವರ್ಷವಾಗುತ್ತ ಬಂತು, ಅಷ್ಟು ದಿನದಲ್ಲಿ ಒಂದು ಸಲವೂ ಅವಳು ನನಗೆ ಫೋನು ಮಾಡಿದವಳಲ್ಲ. ನನ್ನದು ನಾಲ್ಕನೇ ಮಹಡಿ, ಅವಳದು ಎರಡನೆಯದು, ಹತ್ತಿ ಇಳಿಯುವ ಮೆಟ್ಟಿಲು ಒಂದೇ. ಇಟಲಿಯಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಅವಳಿಗೆ. ಬೇಸಿಗೆಯ ರಜಕ್ಕೆ ಬಂದಾಗ ಎದುರಾದರೆ ‘ನಮಸ್ಕಾರ’ ಎಂದು ಗೋಡೆಗೆ ಹೇಳಿ ಇಳಿದು ಹೋಗುತ್ತಾಳೆ.

“ಜಾಪ್ರೋ, ನೀನೇನಾ?”

“ನನ್ನ ನಂಬರಿಗೆ ಮಾಡಿದ್ಮೇಲೆ ನಾನಲ್ದೆ ಇನ್ಯಾರು ಎತ್ತಾರೆ?”

“ಮೂಗಿನ ತುದೀಲಿ ಸಿಟ್ಟು ಹಾಗೇ ಇದೆ. ಸದ್ಯ, ಬೇರೆ ಯಾರೋ ಅಂತ ಹೆದರಿಕೊಂಡಿದ್ದೆ. ನಂಗೊಂದು ಕೆಲಸ ಆಗ್ಬೇಕು ಕಣೋ.”

ಕೆಲಸ ಏನೆಂದರೆ, ನಮ್ಮ ಟಿವಿಯಲ್ಲಿ ಸಂಜೆ ಬರುವ ಧಾರಾವಾಹಿ ಅವಳ ಫೋನಿನಲ್ಲಿ ಬರುವುದಿಲ್ಲ. “ನಿಮ್ಮ ದೇಶದಲ್ಲಿ ಇದು ಲಭ್ಯವಿಲ್ಲ ಅಂತ ಬರುತ್ತೆ. ನನ್ನ ದೇಶ ಯಾವ್ದು ಅಂತ ಇವ್ರಿಗೇನು ಗೊತ್ತು? ನನ್ನ ದೇಶದ್ದೇ ತಾನೇ ಆ ಧಾರಾವಾಹಿ?”

“ನೀನು ಕೂತಿರೋ ಮನೆ ವಿಳಾಸ ನೋಡಿ ಹೇಳುತ್ತೆ ಅದು. ನಿನ್ನ ಮುಖ ನೋಡಿ ಅಲ್ಲ.”

“ಹಾಗಾದ್ರೆ ನಾನು ಪ್ಲೊವ್‌ದಿವ್‌ನಲ್ಲೇ ಕೂತಿದೀನಿ ಅನ್ಕೊಳ್ಳೋ ಹಾಗೆ ಮಾಡು. ಪಾರ್ಕಿನಲ್ಲಿ ಮೊಲ್ದೋವಾದವಳೊಬ್ಳು ಸಿಗ್ತಾಳೆ, ಅವಳ ಅಣ್ಣ ಮಾಡ್ಕೊಟ್ಟಿದಾನಂತೆ. ವಿಪಿಎನ್ನೋ ಏನೋ.”

ಇಷ್ಟೇನಾ ಅನ್ನಿಸಿತು. ನನ್ನ ಮನೆಯ ಇಂಟರ್ನೆಟ್ಟಿಗೆ ಒಂದು ಪುಟ್ಟ ಪೆಟ್ಟಿಗೆ ಜೋಡಿಸಿದರೆ ಆಯಿತು, ಹತ್ತು ನಿಮಿಷದ ಕೆಲಸ ಎಂದೆ.

“ನಿನ್ನ ಮನೇಲಲ್ಲ, ನನ್ನ ಮನೇಲಿ ಇಡು,” ಎಂದಳು. “ಧಾರಾವಾಹಿ ಹಾಳಾಗ್ಲಿ ಜಾಪ್ರೋ. ನಂಗೆ ದಿಮೋ ಕಂಪ್ಯೂಟರ್ ತನಕ ದಾರಿ ಬೇಕು. ಕೊನೇ ಐದು ತಿಂಗಳು ಅವನಿಗೆ ಗಂಟಲು ಕೊಯ್ದು ಮಾತು ಹೋಗಿತ್ತಲ್ಲ, ಆಗ ಅವನು ಮಂಚದ ಮೇಲಿಂದ ಫೋನಿನಲ್ಲಿ ಬರೀತಿದ್ದ, ನಾನು ಅಡುಗೆಮನೆಯಿಂದ ಬರೀತಿದ್ದೆ. ಅದೆಲ್ಲ ಆ ಕಂಪ್ಯೂಟರ್‌ನಲ್ಲೇ ಇದೆ. ನಂಗೆ ಅವನ ಮಾತು ಮರೀತಾ ಇದೆ ಕಣೋ. ನಾನು ನಕ್ಕಿದ್ದು ನೆನಪಿದೆ, ಅವನು ಏನು ಹೇಳಿದ್ದಕ್ಕೆ ನಕ್ಕೆ ಅನ್ನೋದು ನೆನಪಿಲ್ಲ.”

“ಬೇಸಿಗೇಲಿ ಬರ್ತೀಯಲ್ಲ, ಆಗ ಕೂತು ಓದು.”

“ಐದು ಬೇಸಿಗೆ ಬಂದೆ. ಆ ರೂಮಿನ ಬಾಗಿಲು ತೆಗೆಯೋಕೆ ಕೈ ಬರಲಿಲ್ಲ. ಅವನ ಕುರ್ಚಿ, ಅವನ ಕನ್ನಡಕ, ಎಲ್ಲ ಅಲ್ಲೇ ಇದೆ. ಇಲ್ಲಿಂದ ಆದ್ರೆ ಓದ್ತೀನಿ, ದೂರದಿಂದ ಆದ್ರೆ ಆಗುತ್ತೆ.” ಆಮೇಲೆ ಧ್ವನಿ ಗಟ್ಟಿಯಾಯಿತು. “ಒಂದು ಮಾತು. ನೀನು ದಾರಿ ಮಾಡು, ಒಳಗೆ ಇಣುಕಬೇಡ. ನಂಗೆ ಮಾತು ಕೊಡು.”

ಕೊಟ್ಟೆ. ಫೋನು ಇಡುವಷ್ಟರಲ್ಲಿ ನನ್ನ ಮೆಣಸಿನಕಾಯಿ ಒಲೆಯೊಳಗೆ ಇದ್ದಿಲಾಗಿತ್ತು.

ದಿಮೋ ಯಾರು ಅಂತ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಈಗ ಮನೆಗೊಂದು ರೌಟರು, ರೌಟರಿಗೊಂದು ಗುಟ್ಟಿನ ಪದ, ಪಕ್ಕದ ಮನೆಯವನ ಹೆಸರು ಕೂಡ ಫೋನಿನ ವೈಫೈ ಪಟ್ಟಿಯಲ್ಲಿ ಕಂಡರಷ್ಟೇ ಗೊತ್ತು. ಎರಡು ಸಾವಿರದ ಒಂದರಲ್ಲಿ ಹೀಗಿರಲಿಲ್ಲ. ದೊಡ್ಡ ಕಂಪನಿಗಳು ನಮ್ಮಂಥ ಕಾಂಕ್ರೀಟು ಬಡಾವಣೆಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎಲ್ಲೆಲ್ಲೂ ಹುಡುಗರೇ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಂತಿ ಎಳೆದು ಸ್ವಂತ ಜಾಲ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಕಡೆ ಅದನ್ನು ಕಟ್ಟಿದವರು ನಾನು ಮತ್ತು ದಿಮೋ. ನಾನು ಏಣಿ ಹತ್ತುವುದು, ಅವನು ಕೆಳಗೆ ಏಣಿ ಹಿಡಿದುಕೊಂಡು ಬೈಯುವುದು. ಬೈಗುಳದಲ್ಲಿ ಅವನಿಗೆ ಸಾಟಿಯಿಲ್ಲ. “ನಿಧಾನಕ್ಕೆ ಕತ್ತೆ, ನೀನು ಬಿದ್ರೆ ನಷ್ಟ ಇಲ್ಲ, ತಂತಿ ಹೊಸದು,” ಅನ್ನುತ್ತಿದ್ದ. ಆದರೆ ಒಂದು ದಿನವೂ ಏಣಿ ಅಲುಗಿಸಿದವನಲ್ಲ.

ಜಾಲಕ್ಕೆ ಹೆಸರಿಟ್ಟವನೂ ಅವನೇ. ನಮ್ಮ ಹಳೇ ಮನೆಗಳ ಎರಡು ಅಂಗಳದ ನಡುವಿನ ಗೋಡೆಯಲ್ಲಿ ಒಂದು ದಿಡ್ಡಿ ಬಾಗಿಲು ಇರುತ್ತದಲ್ಲ, ಬೀದಿಗೆ ಇಳಿಯದೆ ಪಕ್ಕದ ಮನೆಗೆ ನುಸುಳಿ ಒಂದು ಹಿಡಿ ಉಪ್ಪು ತರಲಿಕ್ಕೆ, ಅದನ್ನು ನಾವು ಕೊಮ್ಶುಲುಕ್ ಅನ್ನುತ್ತೇವೆ. ಅದೇ ಹೆಸರು. ಮಾತಾಡಿಕೊಳ್ಳಲು ದಿಮೋ ಒಂದು ಚಾಟ್ ಪುಟವನ್ನೂ ಬರೆದಿದ್ದ. ಯಾರು ಬಂದಿದ್ದಾರೆ, ಯಾರು ಇಲ್ಲ ಅಂತ ಪಕ್ಕದಲ್ಲಿ ಹೆಸರುಗಳ ಪಟ್ಟಿ. ಇಲ್ಲದವರಿಗೆ ಬರೆದಿಟ್ಟರೆ ಅವರು ಬಂದ ದಿನ ತಲುಪುತ್ತಿತ್ತು. ಮುನ್ನೂರು ಮನೆ ಸೇರಿದವು. ಮೂರನೇ ಮಹಡಿಯ ಮೇಷ್ಟ್ರು ಅದರಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು. ಮದುವೆ ವೀಡಿಯೊಗಳು, ಕದ್ದ ಸಿನಿಮಾಗಳು, ಟೊಮೇಟೊ ಚಟ್ನಿಯ ಅಳತೆ, ಯಾರ ನಾಯಿ ಕಳೆದಿದೆ, ಎಲ್ಲವೂ ಅದರಲ್ಲೇ. ಸೆಪ್ಟೆಂಬರಿನಲ್ಲಿ ಇಡೀ ಕಟ್ಟಡ ಒಟ್ಟಿಗೆ ಮೆಣಸಿನಕಾಯಿ ಸುಡುವಾಗ ಫ್ಯೂಸು ಹಾರಿ ಜಾಲ ಸತ್ತು, ಎಲ್ಲ ಬಾಲ್ಕನಿಗಳಿಂದ ನಮ್ಮಿಬ್ಬರ ಹೆಸರು ಹಿಡಿದು ಕೂಗು. ಈಗ ಇಂಟರ್ನೆಟ್ ನಿಂತರೆ ಜನ ಒಂದು ನಂಬರಿಗೆ ಫೋನು ಮಾಡಿ ಸಂಗೀತ ಕೇಳುತ್ತ ಕಾಯುತ್ತಾರೆ. ಆ ಕೂಗು ಎಷ್ಟು ಚೆನ್ನಾಗಿತ್ತು ಅಂತ ಆಗ ತಿಳಿಯಲಿಲ್ಲ ನನಗೆ.

ಎರಡು ಸಾವಿರದ ಏಳರಲ್ಲಿ ಒಂದು ದೊಡ್ಡ ಕಂಪನಿ ನಮ್ಮ ಜಾಲ ಕೊಳ್ಳಲು ಬಂತು. ಕಾಗದಪತ್ರ ನನ್ನ ಹೆಸರಿನಲ್ಲಿದ್ದವು. ದಿಮೋ ಬೇಡವೆಂದ. “ಮಾರೋಕೆ ಅದು ನಿಂದಲ್ಲ, ನಂದೂ ಅಲ್ಲ. ಬಡಾವಣೇದು,” ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ನಾನು ಸಹಿ ಹಾಕಿದೆ. ತಪ್ಪು ಮಾಡಿದೆನೆಂದು ಈಗಲೂ ಒಪ್ಪುವುದಿಲ್ಲ. ಪ್ರತಿ ಜೂನಿನಲ್ಲಿ ಸಿಡಿಲಿಗೆ ಪೆಟ್ಟಿಗೆಗಳು ಸುಡುತ್ತಿದ್ದವು, ನಗರಸಭೆಯವರು ತಂತಿ ಕತ್ತರಿಸುತ್ತಿದ್ದರು, ಕಂಪನಿ ಬಂದ ಮೇಲೆ ನಮ್ಮದು ಹೇಗೂ ಉಳಿಯುತ್ತಿರಲಿಲ್ಲ. ಆದರೆ ಅವನಿಗೆ ಹೇಳದೆ ಸಹಿ ಹಾಕಿದೆ. ಅದು ತಪ್ಪು. ಅದನ್ನು ಒಪ್ಪುತ್ತೇನೆ, ಯಾರೂ ಕೇಳದಿದ್ದರೂ.

ಅವತ್ತು ಅವನು ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಇನ್ಮೇಲೆ ನಂಗೂ ನಿಂಗೂ ಮಾತಿದ್ರೆ ಅದು ಕೊಮ್ಶುಲುಕ್‌ನಲ್ಲೇ. ಮಾರಿದೀಯಲ್ಲ, ಆ ಬಾಗಿಲಿಂದಲೇ ಬಾ.” ಹೋಗೋ ಅಂದು, ನಾನು ಮೇಲೆ ಬಂದು ನನ್ನ ಕಡೆಯ ತಂತಿಯ ತುದಿಯನ್ನೇ ಕಿತ್ತುಹಾಕಿದೆ. ಎಲ್ಲ ಮನೆಗಳೂ ಕಂಪನಿಯ ತಂತಿಗೆ ಹೋದವು, ನಾನೂ ಅವರಲ್ಲೇ ಕೆಲಸಕ್ಕೆ ಸೇರಿದೆ. ಕೊಮ್ಶುಲುಕ್ ಸತ್ತಿತು ಅಂತಲೇ ನನ್ನ ತಿಳಿವಳಿಕೆ. ಅಲ್ಲಿಂದ ಅವನು ಸಾಯುವವರೆಗೆ, ಹನ್ನೊಂದು ವರ್ಷ, ಒಂದೇ ಮೆಟ್ಟಿಲು ಹತ್ತಿ ಇಳಿದರೂ ನಾವು ಮಾತಾಡಲಿಲ್ಲ.

ಸ್ತಾಂಕಾ ಮನೆಯ ಬೀಗದ ಕೈ ಇರುವುದು ಒಂದನೇ ಮಹಡಿಯ ಕಿಚ್ಕಾ ಅತ್ತೆಯ ಹತ್ತಿರ. ಎಂಬತ್ತು ದಾಟಿದ ಹೆಂಗಸು. ಜರ್ಮನಿಗೆ, ಇಟಲಿಗೆ, ಸ್ಪೇನಿಗೆ ಹೋದ ಏಳು ಮನೆಗಳ ಬೀಗದ ಕೈ ಅವಳ ಅಡುಗೆಮನೆಯ ಮೊಳೆಗಳಲ್ಲಿ ತೂಗಾಡುತ್ತವೆ. ಹೂಕುಂಡಕ್ಕೆ ನೀರು ಹಾಕುವುದು, ಕಾಗದ ಎತ್ತಿಡುವುದು, ಧೂಳು ಒರೆಸುವುದು ಅವಳ ಕೆಲಸ. ಬೀಗದ ಕೈ ಕೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅವನು ಇದ್ದಾಗ ಹೊಸಿಲು ತುಳೀದವನು, ಈಗ್ಯಾಕೆ?”

“ಸ್ತಾಂಕಾನೇ ಹೇಳಿದ್ದು ಅತ್ತೆ. ಬೇಕಾದ್ರೆ ಕೇಳು.”

“ಕೇಳಿದೀನಿ, ಅದಕ್ಕೇ ಕೊಡ್ತಿರೋದು. ಬೂಟು ಬಿಚ್ಚಿಟ್ಟು ಹೋಗು.”

ಬಾಗಿಲ ಮೇಲೆ ದಿಮೋನ ಸಾವಿನ ಚೀಟಿ, ವರ್ಷ ವರ್ಷ ಫೋಟೊ ಹಾಕಿ ಅಂಟಿಸುವಂಥದ್ದು, ಐದನೇ ವರ್ಷದ್ದು, ಬಿಸಿಲಿಗೆ ಮುಖ ಮಾಸಿತ್ತು. ಒಳಗೆ ಗಾಳಿಯಾಡದ ವಾಸನೆ. ಮೇನ್ ಸ್ವಿಚ್ ಎತ್ತಿ ದೀಪ ಹಾಕಿದೆ. ಕಂಪ್ಯೂಟರು ಇದ್ದದ್ದು ನಡುಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಅದೇ ಬೂದಿ ಬಣ್ಣದ ಡಬ್ಬ, ಎರಡು ಸಾವಿರದ ನಾಲ್ಕರಲ್ಲಿ ನಾವಿಬ್ಬರೂ ಸೇರಿ ಜೋಡಿಸಿದ್ದು. ಪಕ್ಕದಲ್ಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಅವನ ಉಣ್ಣೆಯ ಅಂಗಿ. ಅದರಲ್ಲಿ ಕೂರಲು ಮನಸ್ಸಾಗದೆ ನೆಲದ ಮೇಲೆ ಕೂತೇ ಕೆಲಸ ಮಾಡಿದೆ.

ಈ ವಿಪಿಎನ್ ಅನ್ನುವುದನ್ನು ಇವತ್ತಿನವರು ಮಾಟಮಂತ್ರದ ಹಾಗೆ ಮಾತಾಡುತ್ತಾರೆ. ಏನೂ ಇಲ್ಲ. ಮನೆಯಲ್ಲಿ ಸದಾ ಎಚ್ಚರವಾಗಿರುವ ಒಂದು ಪುಟ್ಟ ಪೆಟ್ಟಿಗೆ, ದೂರದಲ್ಲಿರುವವಳ ಫೋನು, ಎರಡರ ನಡುವೆ ಒಂದು ಮುಚ್ಚಿದ ದಾರಿ. ಪೆಟ್ಟಿಗೆಯ ಹತ್ತಿರ ಒಂದು ಕೀಲಿ, ಫೋನಿನಲ್ಲಿ ಅದರ ಜೋಡಿ. ಜೋಡಿ ಹೊಂದಿದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಅಲ್ಲಿ ಬಾಗಿಲು ಇದೆ ಅನ್ನುವುದೂ ಹೊರಗಿನವರಿಗೆ ಕಾಣದು. ಒಳಗೆ ಬಂದವಳು ಜಗತ್ತಿನ ಕಣ್ಣಿಗೆ ಮನೆಯಲ್ಲೇ ಕೂತಿರುತ್ತಾಳೆ. ನೀರು ಬೇಕಾದರೂ ಕುಡಿಯಬಹುದು ಅನ್ನುವಷ್ಟು ಮನೆಯೊಳಗೆ, ನೀರು ಮಾತ್ರ ಸಿಗುವುದಿಲ್ಲ.

ಅವಳ ಮನೆಗೆ ಇಂಟರ್ನೆಟ್ ಇರಲಿಲ್ಲ, ಹೋದ ವರ್ಷವೇ ಬಿಡಿಸಿಹಾಕಿದ್ದಳು. ನನ್ನದನ್ನೇ ಕೊಡಬೇಕು. ಹೊಸ ತಂತಿ ಎಳೆಯಬೇಕೆಂದು ಸುತ್ತ ನೋಡಿದರೆ, ಗೋಡೆಯ ಮೂಲೆಯಲ್ಲಿ ನಾನೇ ಕೊರೆದ ತೂತು, ತೂತಿನಲ್ಲಿ ನಾನೇ ಎಳೆದ ಹಳೇ ತಂತಿ. ಅದರ ಈ ತುದಿ ಇನ್ನೂ ದಿಮೋನ ಡಬ್ಬಕ್ಕೆ ಸಿಕ್ಕಿಸಿಯೇ ಇತ್ತು. ಮೇಲೆ ಹೋಗಿ ನನ್ನ ಬೀರುವಿನ ಹಿಂದೆ ಕೈ ಹಾಕಿದೆ. ಹದಿನೇಳು ವರ್ಷದ ಹಿಂದೆ ಕಿತ್ತುಹಾಕಿದ್ದ ಆ ತುದಿ ಧೂಳಿನಲ್ಲಿ ಹಾಗೇ ಮಲಗಿತ್ತು. ಹಳೇ ಇಕ್ಕಳ ಹುಡುಕಿ ಹೊಸ ಪ್ಲಗ್ಗು ಹಾಕಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ. ತಲೆ ಮರೆತಿದ್ದರೂ ಬೆರಳು ಮರೆತಿರಲಿಲ್ಲ. ಎಂಟು ಎಳೆಯೂ ಒಂದೇ ಸಲಕ್ಕೆ ಸರಿಯಾಗಿ ಕೂತವು, ಕೆಳಗೆ ಇಳಿದು ಬಂದು ತಂತಿಗೆ ಪೆಟ್ಟಿಗೆ ಜೋಡಿಸಿದರೆ ಅದರ ದೀಪ ಹಸಿರಾಯಿತು. ನಾನು ಸ್ವಲ್ಪ ಹೊತ್ತು ಆ ಹಸಿರು ದೀಪವನ್ನೇ ನೋಡುತ್ತ ಕೂತೆ, ದಿಮೋ ಇದ್ದಿದ್ದರೆ ಇದಕ್ಕೂ ಏನಾದರೂ ಬೈಯುತ್ತಿದ್ದ.

ಉಳಿದದ್ದೆಲ್ಲ ಬೇಗ ಮುಗಿಯಿತು. ಹೊರಗಿನಿಂದ ಕಾಣುವ ಒಂದು ಖಾಯಂ ವಿಳಾಸ ಕೊಡಿ ಅಂತ ಕಂಪನಿಯವರಿಗೆ ಹೇಳಿ ತೆಗೆದುಕೊಂಡೆ. ನನ್ನ ರೌಟರಿನಲ್ಲಿ ಒಂದೇ ಒಂದು ಕಿಂಡಿ ತೆರೆದೆ. ಕೀಲಿಯ ಕ್ಯೂಆರ್ ಚಿತ್ರವನ್ನು ಸ್ತಾಂಕಾಗೆ ಕಳಿಸಿದೆ. ದಿಮೋನ ಡಬ್ಬ ಒಂದು ಸಲ ಕೆಮ್ಮಿ ಎದ್ದಿತು. ಅದರ ಪರದೆಯನ್ನು ನಾನು ಹಚ್ಚಲೇ ಇಲ್ಲ. ಕೊಟ್ಟ ಮಾತು ಮಾತೇ. ಪೆಟ್ಟಿಗೆ ಅದನ್ನು ಕಂಡರೆ ಸಾಕು, ನಾನು ಕಾಣಬೇಕಾಗಿರಲಿಲ್ಲ.

“ಗುರುವಾರ ಮಧ್ಯಾಹ್ನ ನಂಗೆ ಬಿಡುವು,” ಎಂದಳು ಸ್ತಾಂಕಾ. “ಅವತ್ತೇ ಒಳಗೆ ಬರ್ತೀನಿ. ಮೂರು ಗಂಟೆ ಹೊತ್ತು ಯಾರೂ ನನ್ನ ಕರೆಯಲ್ಲ.”

ಗುರುವಾರ ಎರಡು ಗಂಟೆಗೆ ಫೋನು. “ಜಾಪ್ರೋ, ಇದು ತಿರುಗ್ತಾ ಇದೆ, ತಿರುಗ್ತಾ ಇದೆ, ಆಮೇಲೆ ಸುಮ್ಮನಾಗುತ್ತೆ. ಬೆಳಗ್ಗೆಯಿಂದ ಎದೆ ಡವಡವ ಅಂತಿದೆ ನಂದು, ಈಗ ನೋಡಿದ್ರೆ ಬಾಗಿಲೇ ಇಲ್ಲ. ನಿನ್ನ ನಂಬಿದ್ದಕ್ಕೆ ನನ್ನ ಬುದ್ಧಿಗೆ ಹೇಳ್ಬೇಕು.”

ನನ್ನ ಕಡೆ ಎಲ್ಲ ಸರಿಯಾಗಿತ್ತು. ಕೆಳಗೆ ಓಡಿದೆ. ದಿಮೋ ಮನೆಯ ಬಾಗಿಲು ತೆರೆದಿತ್ತು. ಒಳಗೆ ಕಿಚ್ಕಾ ಅತ್ತೆ, ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಪೆಟ್ಟಿಗೆಯ ದೀಪ ಆರಿತ್ತು, ಡಬ್ಬದ್ದೂ ಆರಿತ್ತು. ಬಾಗಿಲ ಪಕ್ಕದ ಮೇನ್ ಸ್ವಿಚ್ ಕೆಳಗೆ ಬಾಗಿತ್ತು.

“ಕರೆಂಟು ಯಾರು ತೆಗೆದದ್ದು?”

“ನಾನೇ. ನಿನ್ನೆ ಹೋಗುವಾಗ ತೆಗೆದೆ. ಆರು ವರ್ಷದಿಂದ ತೆಗೀತಿದೀನಿ. ಖಾಲಿ ಮನೇಲಿ ಕರೆಂಟು ಬಿಟ್ಟು ಹೋಗ್ತಾರಾ ಯಾರಾದ್ರೂ? ನಿಮ್ಮಮ್ಮ ನಿಂಗೆ ಅಷ್ಟೂ ಕಲಿಸ್ಲಿಲ್ವಾ? ಕರೆಂಟು, ನೀರು, ಗ್ಯಾಸು, ಮೂರನ್ನೂ ನೋಡಿ ಆಮೇಲೆ ಬೀಗ.”

ತಪ್ಪು ನನ್ನದೇ. ನಮ್ಮ ಕಡೆ ಎರಡು ದಿನಕ್ಕೆ ಹಳ್ಳಿಗೆ ಹೋಗುವವರೂ ಮೇನ್ ತೆಗೆದೇ ಹೋಗುವುದು. ನಾನೂ ಹಾಗೇ ಮಾಡುತ್ತೇನೆ. ಏಳು ಮನೆಯ ಬೀಗದ ಕೈ ಇರುವವಳು ಮಾಡದೆ ಬಿಡುತ್ತಾಳೆಯೇ? ಪ್ರಪಂಚದ ಯಾವ ಕಳ್ಳನೂ ಒಡೆಯಲಾರದ ಬೀಗ ಹಾಕಿದ್ದೆ, ಕಿಚ್ಕಾ ಅತ್ತೆಯನ್ನು ಮರೆತಿದ್ದೆ.

“ಅತ್ತೆ, ಇದನ್ನ ತೆಗೆದ್ರೆ ಸ್ತಾಂಕಾ ಒಳಗೆ ಬರೋಕಾಗಲ್ಲ.”

“ಅವಳು ಇಟಲೀಲಿದಾಳೆ.”

“ಅಲ್ಲಿಂದಲೇ ಬರ್ತಾಳೆ. ಈ ಪೆಟ್ಟಿಗೆಯಿಂದ.”

ಮುದುಕಿ ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಇಷ್ಟು ಚಿಕ್ಕದ್ರಲ್ಲಿ?”

“ದಿಮೋ ಬರೆದದ್ದನ್ನ ಓದೋಕೆ ಬರ್ತಾಳೆ.”

ಅವಳು ಚೊಂಬು ಕೆಳಗಿಟ್ಟಳು. ಹೋಗಿ ತಾನೇ ಮೇನ್ ಎತ್ತಿದಳು. ಏಪ್ರನ್ನಿನ ಜೇಬಿನಿಂದ ಒಂದು ಅಂಟುಪಟ್ಟಿ ತೆಗೆದು ಸ್ವಿಚ್ಚಿನ ಮೇಲೆ ಅಡ್ಡಡ್ಡ ಹಚ್ಚಿ, “ನನ್ನ ಕೈ ತಾನಾಗೇ ಹೋಗುತ್ತೆ ಮಗಾ, ಅದಕ್ಕೇ,” ಎಂದು ಹೇಳಿ ಇಳಿದು ಹೋದಳು.

ಪೆಟ್ಟಿಗೆ ಹಸಿರಾಯಿತು. ಡಬ್ಬ ಕೆಮ್ಮಿತು. ಆಮೇಲೆ ಪರದೆಯೂ ಹತ್ತಿಕೊಂಡಿತು. ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಅತ್ತೆ ಅದರ ಗುಂಡಿಯನ್ನೂ ಒತ್ತಿದ್ದಳು. ಆರಿಸಬೇಕೆಂದು ಕೈ ಚಾಚಿದವನು ಹಾಗೇ ನಿಂತೆ. ಪರದೆಯ ಮೇಲೆ ಕೊಮ್ಶುಲುಕ್ ತಾನಾಗಿಯೇ ತೆರೆದುಕೊಂಡಿತ್ತು. ಅದೇ ನೀಲಿ ಪಟ್ಟಿ, ದಿಮೋ ಕೈಯಾರೆ ಬಿಡಿಸಿದ ಅದೇ ಸೊಟ್ಟ ಬಾಗಿಲಿನ ಚಿತ್ರ. ಮುನ್ನೂರು ಹೆಸರುಗಳಿದ್ದ ಪಟ್ಟಿಯಲ್ಲಿ ಈಗ ಮೂರೇ ಹೆಸರು. ದಿಮೋ, ಕೊನೆಗೆ ಬಂದದ್ದು ಹದಿನೆಂಟನೇ ಇಸವಿಯ ನವೆಂಬರ್ ಹದಿನಾಲ್ಕು. ಸ್ತಾಂಕಾ, ಅದೇ ದಿನ. ಮೂರನೆಯದು ಜಾಪ್ರೋ. ಕೊನೆಗೆ ಬಂದದ್ದು ಎರಡು ಸಾವಿರದ ಏಳು, ಮಾರ್ಚ್. ಪಕ್ಕದಲ್ಲಿ ಒಂದು ಪುಟ್ಟ ಲಕೋಟೆ, ಅದರ ಮೇಲೆ ಒಂದು ಅನ್ನುವ ಅಂಕಿ.

ಸತ್ತಿತು ಅಂದುಕೊಂಡಿದ್ದ ಜಾಲ ನನ್ನ ಕಾಲ ಕೆಳಗೇ ಹನ್ನೊಂದು ವರ್ಷ ಬದುಕಿತ್ತು. ಎಲ್ಲರೂ ಬಿಟ್ಟುಹೋದ ಮೇಲೆ ದಿಮೋ ಎಲ್ಲರ ಹೆಸರು ಅಳಿಸಿದ್ದ. ನನ್ನದನ್ನು ಅಳಿಸಿರಲಿಲ್ಲ.

ಇಣುಕುವುದಿಲ್ಲ ಅಂತ ಮಾತು ಕೊಟ್ಟಿದ್ದೆ, ನಿಜ. ಆದರೆ ನನ್ನ ಹೆಸರಿಗೆ ಬಂದ ಕಾಗದ ನಾನು ಓದಿದರೆ ಅದು ಇಣುಕುವುದು ಹೇಗಾಗುತ್ತದೆ? ಕುರ್ಚಿ ಎಳೆದುಕೊಂಡು ಕೂತೆ. ಗುಟ್ಟಿನ ಪದ ನೆನಪಿತ್ತು. ಲಕೋಟೆ ಒತ್ತಿದೆ. ತಾರೀಕು ಅಕ್ಟೋಬರ್ ಇಪ್ಪತ್ತೊಂದು, ಅವನು ಸಾಯಲು ಒಂದು ತಿಂಗಳಿಗೂ ಕಡಿಮೆ.

‘ಜಾಪ್ರೋ, ಡಾಕ್ಟರು ಗಂಟಲು ಕೊಯ್ದರು, ಇನ್ನು ನಿನ್ನ ಬೈಯೋಕೂ ಆಗಲ್ಲ, ಖುಷಿ ಪಡು. ಛಾವಣಿ ಮೇಲಿನ ನಮ್ಮ ಪೆಟ್ಟಿಗೆಗೆ ನೀರು ಇಳೀತಿದೆ. ಬಂದು ನೋಡು. ನೀನು ಹತ್ತು, ನಾನು ಕೆಳಗೆ ಏಣಿ ಹಿಡ್ಕೊಳ್ತೀನಿ.’

ಆ ಛಾವಣಿಯ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಎರಡು ಸಾವಿರದ ಎಂಟರಲ್ಲಿ ಕಂಪನಿಯ ಪರವಾಗಿ ನಾನೇ ಎಲ್ಲ ಬಿಚ್ಚಿ ತೆಗೆದಿದ್ದೆ, ಅವನು ಕಿಟಕಿಯಿಂದ ನೋಡಿದ್ದ. ಖಾಲಿ ತಗಡಿಗೆ ನೀರು ಇಳಿದರೆ ಯಾರಿಗೇನು? ಮಂಚದಿಂದ ಏಳಲಾರದವನು ಏಣಿ ಹಿಡಿಯುವುದುಂಟೇ? ಹನ್ನೊಂದು ವರ್ಷದ ಹಟ ಬಿಟ್ಟು ನನ್ನನ್ನು ಕರೆಯಲು ಅವನಿಗೆ ಒಂದು ನೆಪ ಬೇಕಾಗಿತ್ತು. ನಾನು ತುದಿ ಕಿತ್ತು ಹಾಕಿದ್ದು ಅವನಿಗೆ ಗೊತ್ತಿರಲಿಲ್ಲ. ಎಂದಾದರೂ ಒಂದು ದಿನ ಪುಟ ತೆರೆಯುತ್ತಾನೆ ಅಂದುಕೊಂಡಿದ್ದ. ನನಗೆ ಅಳು ಬಂತು, ಅತ್ತುಬಿಟ್ಟೆ.

ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಪಟ್ಟಿಯಲ್ಲಿ ಸ್ತಾಂಕಾ ಅನ್ನುವ ಹೆಸರು ಹಸಿರಾಗಿತ್ತು. ಇಟಲಿಯಿಂದ ಅವಳು ಒಳಗೆ ಬಂದಿದ್ದಳು. ನನ್ನ ಹೆಸರೂ ಹಸಿರಾಗಿ ಅವಳಿಗೆ ಕಾಣುತ್ತಿತ್ತು. ಒಂದು ನಿಮಿಷಕ್ಕೆ ಫೋನು ಬಡಿದುಕೊಂಡಿತು.

“ಓದಿದೆ ನೀನು.”

“ನನ್ನ ಹೆಸರಿಗೆ ಬಂದದ್ದನ್ನ ಮಾತ್ರ. ಅವನು ಬರೆದದ್ದು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಎರಡು ಮಹಡಿ ಸ್ತಾಂಕಾ. ಎರಡು ಮಹಡಿ ಹತ್ತಿ ಬಂದು ನಂಗೆ ಹೇಳೋಕೆ ನಿನ್ನ ಕಾಲಿಗೇನಾಗಿತ್ತು?”

ಹೇಳಿದಳು. ತಡೆದು ತಡೆದು, ಆದರೆ ಒಂದನ್ನೂ ಬಿಡದೆ.

“ನಿನ್ನ ಮೇಲೆ ಸಿಟ್ಟಿತ್ತು ನಂಗೆ. ನೀನು ಕಂಪನಿ ಕಾರು ತಂದು ದಿನಾ ನಮ್ಮ ಕಿಟಕಿ ಕೆಳಗೇ ನಿಲ್ಲಿಸ್ತಿದ್ದೆ. ಅವನು ಕೂತು ನೋಡ್ತಿದ್ದ. ಅವನಿಗೆ ಕಾಯಿಲೆ ಬಂತು, ಇಡೀ ಕಟ್ಟಡ ಬಂದು ನೋಡ್ತು, ನೀನೊಬ್ಬ ಬರಲಿಲ್ಲ. ಅದಕ್ಕೆ ಬೇಕಂತಲೇ ಹೇಳಲಿಲ್ಲ. ಲಕೋಟೆ ಹಾಗೇ ಇದೆಯಾ ಅನ್ನೋದು ಕಂಪ್ಯೂಟರಿನ ದೊಡ್ಡ ಪರದೇಲಿ ಮಾತ್ರ ಕಾಣ್ತಿತ್ತು, ಅವನಿಗೆ ಮಂಚದಿಂದ ಏಳೋಕಾಗ್ತಿರಲಿಲ್ಲ. ದಿನಾ ನನ್ನ ಕಳಿಸ್ತಿದ್ದ, ಹೋಗಿ ನೋಡು, ಓದಿದಾನಾ ಅಂತ. ನಾನು ಹೋಗಿ ನೋಡ್ತಿದ್ದೆ, ಓದಿರ್ತಿರಲಿಲ್ಲ. ಒಂದು ದಿನ ಸಾಕಾಯ್ತು. ಓದಿದಾನೆ, ಬರಲ್ಲ ಅಂತೆ, ಅಂದ್ಬಿಟ್ಟೆ. ಆಮೇಲೆ ಅವನು ಕೇಳಲೇ ಇಲ್ಲ.”

ಇಣುಕಬೇಡ ಅಂತ ಮಾತು ತೆಗೆದುಕೊಂಡದ್ದು ಯಾಕೆ ಅನ್ನುವುದು ಈಗ ತಿಳಿಯಿತು. ಮೈಯೆಲ್ಲ ಉರಿಯಿತು ನನಗೆ. ಆ ಹಳೇ ತಂತಿ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಒಂದು ಸಲ ಎಳೆದಿದ್ದರೆ ಅವಳು ಹೊರಗೆ, ಅವನ ಮಾತೆಲ್ಲ ಒಳಗೆ. ಕೈ ಹಾಕಿದ್ದೆ ಕೂಡ. ಹಿಂದೆ ಒಂದು ಸಲ ಹೀಗೇ ಸಿಟ್ಟಿನಲ್ಲಿ ಎಳೆದವನು ನಾನೇ ಅನ್ನುವುದು ನೆನಪಾಗಿ ಕೈ ತೆಗೆದೆ.

“ಅವನು ಏನಂದ?” ಎಂದು ಕೇಳಿದೆ. “ನೀನು ಹಾಗೆ ಹೇಳಿದಾಗ, ನನ್ನ ಬಗ್ಗೆ ಏನಂದ?”

“ಅದನ್ನ ಹುಡುಕೋಕೇ ಕಣೋ ಈ ದಾರಿ ಕೇಳಿದ್ದು. ಬೈದ ಅಂತ ನನ್ನ ನೆನಪು. ಚೆನ್ನಾಗಿ ಬೈದ, ಅವನಿಗೂ ನಿನ್ನ ಮೇಲೆ ಸಿಟ್ಟಿತ್ತು, ನಾನು ಮಾಡಿದ್ರಲ್ಲಿ ತಪ್ಪಿಲ್ಲ ಅಂತ ಆರು ವರ್ಷದಿಂದ ಹೇಳ್ಕೊಳ್ತಿದೀನಿ. ಈಚೆಗೆ ರಾತ್ರಿ ನಿದ್ದೆ ಬರಲ್ಲ. ನಿಜವಾಗ್ಲೂ ಬೈದನಾ ಅಂತ ನೋಡ್ಬೇಕಿತ್ತು. ತಡಿ, ನವೆಂಬರಿಗೆ ಹೋಗ್ತಿದೀನಿ.”

ಕಾದೆ. ಡಬ್ಬದ ಒಳಗೆ ತಟ್ಟೆ ತಿರುಗುವ ಸದ್ದು ಕೇಳುತ್ತಿತ್ತು. ಅವಳು ಅಲ್ಲಿ ಒಂದೊಂದೇ ಪುಟ ತಿರುಗಿಸಿದಾಗ ಇಲ್ಲಿ ಅದರ ದೀಪ ಮಿಟುಕುತ್ತಿತ್ತು. ನಡುವೆ ಒಂದು ಸಲ ಅವಳು ನಕ್ಕಳು, ಏನನ್ನು ಓದಿ ಅಂತ ನಾನು ಕೇಳಲಿಲ್ಲ.

“ಸಿಕ್ತು,” ಎಂದಳು. “ನವೆಂಬರ್ ಒಂಬತ್ತು. ನಾನು ಬರೆದಿದೀನಿ, ‘ಓದಿದಾನೆ, ಬರಲ್ಲ, ಅವನ ಯೋಗ್ಯತೆ ಅಷ್ಟೇ’ ಅಂತ.” ಮುಂದಿನ ಸಾಲಿಗೆ ಹೋದಳು. “ಅವನು ಬರೆದಿದಾನೆ, ‘ಬೈಬೇಡ ಅವನ್ನ. ಮೊಣಕಾಲು ಹಿಡ್ಕೊಂಡಿರ್ಬೇಕು. ಮೆಟ್ಟಿಲು ಇಳಿಯೋಕಾಗಲ್ಲ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಅವನಿಗೆ. ಜಾಪ್ರೋ ಮೊದಲಿಂದ ಹಾಗೇನೇ.’”

ಅವಳ ಮೂರು ಗಂಟೆಯಲ್ಲಿ ಇನ್ನೂ ಎರಡು ಉಳಿದಿದ್ದವು. ಅವಳ ಹೆಸರು ಪಟ್ಟಿಯಲ್ಲಿ ಹಸಿರಾಗಿಯೇ ಇತ್ತು. ಓದು, ತಂತಿ ನಾನು ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿದೆ.

ಆ ನವೆಂಬರಿನಲ್ಲಿ ನನಗೆ ನಲವತ್ತೊಂಬತ್ತು. ಮೊಣಕಾಲು ಗಟ್ಟಿಮುಟ್ಟಾಗಿದ್ದವು. ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ, ಅವನ ಬಾಗಿಲ ಮುಂದೆಯೇ.